ಪರದೆಗೆ ಬೆನ್ನು ಹಾಕಿ ಕೂತ ಕಾಳಕ್ಕ

“ಅಮ್ಮಾ, ಕಾಳಕ್ಕಜ್ಜಿ ಯಾಕೆ ಸಿನಿಮಾ ಬಿಟ್ಟು ನಮ್ಮನ್ನೇ ನೋಡ್ತಾಳೆ?”

ನನ್ನ ಮಗಳು ದುರ್ಗಾ ಈ ಪ್ರಶ್ನೆ ಕೇಳಿದ್ದು ಬೆಂಗಳೂರಿನಲ್ಲಿ, ಮೆಜೆಸ್ಟಿಕ್ ಹತ್ತಿರದ ಒಂದು ಹಳೇ ದೊಡ್ಡ ಥಿಯೇಟರಿನ ಬಾಲ್ಕನಿಯಲ್ಲಿ. ಅದೂ ಪರದೆಯ ಮೇಲೆ ನಾಯಕಿಯ ತಂದೆ ಪ್ರಾಣ ಬಿಡುತ್ತಿದ್ದ ಗಳಿಗೆಯಲ್ಲಿ. ಇಡೀ ಬಾಲ್ಕನಿ ಮೂಗು ಒರೆಸಿಕೊಳ್ಳುತ್ತಿತ್ತು. ಐದು ವರ್ಷದ ಮಗುವಿಗೆ ಪಿಸುಮಾತು ಇನ್ನೂ ಬರುವುದಿಲ್ಲ. ಹಿಂದಿನ ಸಾಲಿನವರೆಗೂ ಕೇಳಿಸಿತು. ಅಳುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು. ಪಾಪ, ಅಷ್ಟು ಕಷ್ಟಪಟ್ಟು ಸಾಯುತ್ತಿದ್ದ ಮನುಷ್ಯನನ್ನು ಆಮೇಲೆ ಯಾರೂ ಗಮನಿಸಲಿಲ್ಲ.

ಮಗು ಕೇಳಿದ್ದರಲ್ಲಿ ತಪ್ಪಿರಲಿಲ್ಲ. ನಮ್ಮ ಮುಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ ಕಾಳಕ್ಕ ಅಡ್ಡ ತಿರುಗಿ, ಕುರ್ಚಿಯ ಬೆನ್ನಿನ ಮೇಲೆ ಮೊಣಕೈ ಊರಿ, ಪರದೆಗೆ ಪೂರ್ತಿ ಬೆನ್ನು ಹಾಕಿ ಕೂತಿದ್ದಳು. ಪರದೆಯ ಬೆಳಕು ಅವಳ ಬಿಳಿ ತಲೆಯ ಸುತ್ತ ಮಿಣುಗುತ್ತಿತ್ತು. ಕಣ್ಣು ಮಾತ್ರ ನಮ್ಮ ಸಾಲಿನ ಈ ತುದಿಯಿಂದ ಆ ತುದಿಗೆ, ಆ ತುದಿಯಿಂದ ಈ ತುದಿಗೆ. ಪ್ರಶ್ನೆ ಕೇಳಿಸಿಕೊಂಡು ಅವಳೇ ಉತ್ತರ ಕೊಟ್ಟಳು.

“ಸಿನಿಮಾ ಎಲ್ಲಿಗೂ ಓಡೋಗಲ್ಲ ಕಣೇ ದುಗ್ಗಿ. ನೀವು ಓಡೋಗ್ತೀರಿ. ಅದಕ್ಕೆ.”

ಪಕ್ಕದಲ್ಲಿ ಕೂತಿದ್ದ ನಮ್ಮ ಬೀದಿಯ ಚಿತ್ತಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, “ನಾವೇನು ಕುರಿಗಳಾ ಕಾಳಕ್ಕ?” ಅಂದಳು.

“ಕುರಿಗಳಾಗಿದ್ರೆ ನೆಮ್ಮದಿಯಾಗಿ ಇರ್ತಿದ್ದೆ. ಕುರಿ ಇಂಟ್ರುವಲ್‌ನಾಗೆ ಐಸ್‌ಕ್ರೀಮ್ ಅಂತ ಮೂರು ಮಹಡಿ ಇಳಿಯಲ್ಲ.”

ಮುಂದೆ ಯಾರೋ “ಶ್!” ಅಂದರು. ನಾವು ಬಾಯಿಗೆ ಸೆರಗು ತುರುಕಿಕೊಂಡೆವು.

ಕಾಳಕ್ಕ ಹಿರಿಯೂರು ಹತ್ತಿರದ ನಮ್ಮೂರು ಆದಿವಾಲದವಳು, ನಮ್ಮ ಮನೆಯಿಂದ ಎರಡು ಮನೆ ಆಚೆ ಇರುವವಳು. ವಯಸ್ಸು ಅರವತ್ತು ದಾಟಿದೆ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ. ಎಂಥ ಬಿಸಿಲಿದ್ದರೂ ಹೆಗಲ ಮೇಲೆ ಕರಿ ಕಂಬಳಿ ಇರಲೇಬೇಕು. ಹರಿಯಬ್ಬೆಯಲ್ಲಿ ಹುಟ್ಟಿದಳು, ಕುರಿ ಹಿಂದೆ ನಡೆಯುತ್ತಲೇ ಬೆಳೆದಳು. ಮದುವೆಯಾಗಿ ಬಂದ ಮೇಲೂ ಅದೇ ಕೆಲಸ. ಗಂಡ ಚಿಕ್ಕತಿಮ್ಮಪ್ಪ ಮಂದೆಯ ಮುಂದೆ, ಇವಳು ಹಿಂದೆ. ಹೀಗೆ ಇಬ್ಬರೂ ಕುರಿ ಹೊಡೆದುಕೊಂಡು ಹೊಸದುರ್ಗ, ಹೊಳಲ್ಕೆರೆ ಕಡೆಯ ಹೊಲಗಳನ್ನೆಲ್ಲ ಸುತ್ತುತ್ತಿದ್ದರು. ಸುಗ್ಗಿ ಮುಗಿದ ಹೊಲಗಳಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸಿಕೊಳ್ಳುವ ರೈತರು ಕರೆದ ಕಡೆ ಹೋಗುವುದು, ಅಲ್ಲೇ ಬಯಲಲ್ಲಿ ಬಲೆ ಕಟ್ಟಿ ಕುರಿ ಕೂಡಲು ರೊಪ್ಪ ಮಾಡುವುದು, ಮೂರು ಕಲ್ಲಿಟ್ಟು ಮುದ್ದೆ ಬೇಯಿಸುವುದು.

ಹೊಸದುರ್ಗದ ಹೊರಗೆ ಆಗ ಒಂದು ಟೆಂಟ್ ಸಿನಿಮಾ ಇತ್ತಂತೆ. ಅದರ ಹಿಂದಿನ ಹೊಲದಲ್ಲಿ ಇವರ ಮಂದೆ ಪ್ರತಿ ವರ್ಷ ಕೆಲವು ದಿನ ನಿಲ್ಲುತ್ತಿತ್ತು. ಸಂಜೆ ಮೊದಲನೇ ಆಟ ಶುರುವಾದರೆ ಹಾಡು, ಹೊಡೆದಾಟ, ಕುದುರೆ ಓಟ ಎಲ್ಲ ಇವರ ಕಿವಿಗೆ. ಇಬ್ಬರಲ್ಲಿ ಒಬ್ಬರು ಹೋಗಿ ನೋಡಿ ಬರಬಹುದಿತ್ತು. ಒಬ್ಬರೇ ಹೋಗಿ ಏನು ನೋಡೋದು ಅಂತ ಇಬ್ಬರೂ ಹೋಗಲಿಲ್ಲ. ಬದುವಿನ ಮೇಲೆ ಟೆಂಟಿಗೆ ಬೆನ್ನು ಹಾಕಿ, ಕುರಿಗಳ ಕಡೆ ಮುಖ ಮಾಡಿ ಕೂತು, ಕಿವಿಯಲ್ಲೇ ಸಿನಿಮಾ ನೋಡಿದರು.

“ಈಗ ಬಾಗಿಲು ತೆಗದ್ನಲ್ಲ, ಅವನೇ ಕಳ್ಳ,” ಅನ್ನುತ್ತಿದ್ದನಂತೆ ಚಿಕ್ಕತಿಮ್ಮಪ್ಪ.

“ಅಲ್ಲ, ಅವನು ಅವಳಣ್ಣ. ಕಳ್ಳ ಕೆಮ್ಮಲ್ಲ,” ಅನ್ನುತ್ತಿದ್ದಳಂತೆ ಇವಳು.

ಊರಿಗೆ ಬಂದ ಮೇಲೆ ನಲ್ಲಿ ಹತ್ತಿರ ಅವಳು ಹೇಳುತ್ತಿದ್ದ ಸಿನಿಮಾ ಕತೆಗೆ ಬಿಂದಿಗೆಗಳು ಸಾಲುಗಟ್ಟುತ್ತಿದ್ದವು ಎಂದು ನನ್ನ ಅತ್ತೆ ಇವತ್ತಿಗೂ ನೆನೆಯುತ್ತಾರೆ. ಗಂಟಲಲ್ಲೇ ಕುದುರೆ ಓಡಿಸುತ್ತಿದ್ದಳು, ಅಂಗೈಯಲ್ಲಿ ಕಪಾಳಮೋಕ್ಷ ಮಾಡುತ್ತಿದ್ದಳು. ಹೆಜ್ಜೆ ಸಪ್ಪಳ ಕೇಳಿ ನಾಯಕನನ್ನು ಆರಡಿಯ ಕಟ್ಟುಮಸ್ತಾದ ಗಂಡಸು ಮಾಡಿಬಿಟ್ಟಿದ್ದಳು. ಮುಂದೊಂದು ದಿನ ಹಿರಿಯೂರಿನ ಗೋಡೆಯ ಮೇಲೆ ಅವನ ಪೋಸ್ಟರ್ ನೋಡಿ, “ಇವನಾ? ಈ ಸಣಕಲನಾ? ಇವನಿಗಾ ನಾನು ಅಷ್ಟು ದಿನ ಹೆದರಿಕೊಂಡು ಮುದ್ದೆ ನುಂಗಿದ್ದು?” ಎಂದು ನಡುಬೀದಿಯಲ್ಲಿ ನಿಂತು ನಕ್ಕಳಂತೆ.

ಚಿಕ್ಕತಿಮ್ಮಪ್ಪ ತೀರಿಕೊಂಡ ಮೇಲೆ ಕುರಿಗಳು ಯಲ್ಲದಕೆರೆಯಲ್ಲಿರುವ ಮಗಳು-ಅಳಿಯನ ಮಂದೆ ಸೇರಿದವು. ಕಾಯಲು ಏನೂ ಇಲ್ಲದ ಕಾಳಕ್ಕ ಕೆಲವು ತಿಂಗಳು ಅಂಗಳದ ಕೋಳಿಗಳನ್ನು ಕಾದಳು. ಕೋಳಿಗಳಿಗೆ ಅದು ಹಿಡಿಸಲಿಲ್ಲ. ಆಮೇಲೆ ಮಹಿಳಾ ಸಂಘ ಸೇರಿದಳು. ಸಂಘದವರು ಬೆಂಗಳೂರಿನ ಒಂದು ಮೇಳದಲ್ಲಿ ಕಂಬಳಿ ಮಾರಲು ಹೋದಾಗ ಇವಳೂ ಹೋದಳು. ಕಂಬಳಿ ಬೇಗ ಖಾಲಿಯಾದವು. ಬಸ್ಸಿಗೆ ಹೊತ್ತಿತ್ತು. ಎದುರಿಗೆ ಥಿಯೇಟರು, ಬಾಗಿಲಲ್ಲಿ ಮರದೆತ್ತರದ ಕಟೌಟು, ಅದರ ಕೊರಳಿಗೆ ಹಾರ, ತಮಟೆ ಸದ್ದು. “ಒಳಗೇನೈತೆ ನೋಡೇ ಬಿಡಾಣ ಬರ್ರಿ,” ಅಂದಳು ಕಾಳಕ್ಕ. ಅಲ್ಲಿಂದ ಶುರುವಾಯಿತು. ಈಗಂತೂ ಹೆಂಗಸರಿಗೆ ಬಸ್ಸು ಫ್ರೀ. ಪ್ರತಿ ವರ್ಷ ಶೇಂಗಾ ಬಿಡಿಸುವ ಕೆಲಸ ಮುಗಿದ ಕೂಡಲೇ ನಮ್ಮ ಬೀದಿಯ ಹೆಂಗಸರು ಆಧಾರ್ ಕಾರ್ಡು ಕುಪ್ಪಸದೊಳಗೆ ಸಿಗಿಸಿಕೊಂಡು, ರೊಟ್ಟಿ ಗಂಟು ಕಟ್ಟಿಕೊಂಡು, ಎರಡು ದಿನ ಬೆಂಗಳೂರಿಗೆ ಹೊರಡುತ್ತಾರೆ. ದೇವರ ದರ್ಶನಕ್ಕಲ್ಲ, ಮದುವೆಗಲ್ಲ. ಸಿನಿಮಾ, ನಾಟಕ, ಸಿಕ್ಕಿದರೆ ಸರ್ಕಸ್ಸು.

ಇದಕ್ಕೆ ಅಷ್ಟು ಸುಲಭವಾಗಿ ಒಪ್ಪಿಗೆ ಸಿಗಲಿಲ್ಲ. ಚಿಕ್ಕತಿಮ್ಮಪ್ಪನ ಅಣ್ಣ ಗೋವಿಂದಪ್ಪ ನಮ್ಮ ಬೀದಿಯ ಹಿರಿಯ. ಅವನೂ ಜೀವಮಾನವೆಲ್ಲ ಕುರಿ ಕಾಯ್ದವನೇ. ಅವನು ಮೊದಲ ವರ್ಷವೇ ಕಟ್ಟೆಯ ಮೇಲೆ ಕೂತು ಕಡ್ಡಿ ಮುರಿದ ಹಾಗೆ ಹೇಳಿದ್ದ:

“ಸಿನ್ಮಾ ನೋಡಾಕೆ ಬೆಂಗ್ಳೂರಿಗಾ? ಆ ಜನಜಾತ್ರೆನಾಗೆ ಒಬ್ಳು ತಪ್ಪಿಸ್ಕಂಡ್ರೆ ಅವರ ಮನೆಯೋರಿಗೆ ಯಾರು ಉತ್ರ ಹೇಳಾದು? ಒಬ್ಳು, ಒಬ್ಳೇ ಒಬ್ಳು ತಪ್ಪಿದ್ರೂ ಅಲ್ಲಿಗೆ ಬಂದ್. ಆಮ್ಯಾಲೆ ಯಾರೂ ಬಾಯಿ ಬಿಡಂಗಿಲ್ಲ.”

“ಆಗ್ಲಿ ಬಾವ,” ಅಂದಿದ್ದಳು ಕಾಳಕ್ಕ. “ನನ್ ಕೈಯಾಗೆ ಇವತ್ತಿನವರೆಗೂ ಒಂದು ಮರಿ ಕಳೆದಿಲ್ಲ. ಕಳೆದ ದಿನ ನಾನೇ ಬಾಗಿಲು ಹಾಕ್ತೀನಿ.”

ಆ ಮಾತಿನ ಮೇಲೆಯೇ ಅತ್ತೆಯಂದಿರು ಸೊಸೆಯಂದಿರನ್ನು ಕಳಿಸುತ್ತಾರೆ, ಗಂಡಂದಿರು ಎರಡು ದಿನ ತಾವೇ ಅನ್ನ ಬಸಿದುಕೊಳ್ಳುತ್ತಾರೆ. ವರ್ಷವೆಲ್ಲ ಈರುಳ್ಳಿ ಹೊಲದಲ್ಲಿ ನಡು ಬಗ್ಗಿಸುವ ಚಿತ್ತಮ್ಮನಿಗೆ ಇರುವುದು ಇದೊಂದೇ ರಜೆ. ನನಗೂ ಅಷ್ಟೇ. ದುರ್ಗಾ ಹುಟ್ಟಿದ ಮೇಲೆ ನಾನು ಒಂದು ಸಿನಿಮಾ ಕೂತು ನೋಡಿದ್ದರೆ ಅದು ಈ ಎರಡು ದಿನದಲ್ಲೇ. ಫೋನಿನಲ್ಲಿ ಟಿಕೆಟ್ ಬುಕ್ ಮಾಡುವ ಕೆಲಸ ನನ್ನದು. ನಮಗೆಲ್ಲ ಒಂದು ಸಾಲು, ಕಾಳಕ್ಕನಿಗೆ ಮುಂದಿನ ಸಾಲಿನ ತುದಿ. ಹಾಗಾಗಿ ಇಷ್ಟು ವರ್ಷ ಬೆಂಗಳೂರಿನ ಥಿಯೇಟರುಗಳಿಗೆಲ್ಲ ನಮ್ಮನ್ನು ಕರೆದುಕೊಂಡು ಹೋದ ಕಾಳಕ್ಕ ಒಂದೇ ಒಂದು ಸಿನಿಮಾವನ್ನೂ ಕಣ್ಣಿಂದ ನೋಡಿರಲಿಲ್ಲ. ಮೊದಲು ಕುರಿಗಾಗಿ, ಈಗ ನಮಗಾಗಿ.

ಈ ಸಲ ದುರ್ಗಾಳನ್ನೂ ಕರೆದುಕೊಂಡು ಹೋಗಿದ್ದೆ. ಬಸ್ಸು ಹತ್ತುವ ಮೊದಲೇ ಕಾಳಕ್ಕ ಅವಳಿಗೆ ಮಂದೆ ಕೂಗು ಕಲಿಸಿದಳು. ಪ್ರತಿ ಮನೆಯ ಕುರಿಗೂ ಅದರದೇ ಆದ ಕೂಗು ಇರುತ್ತದೆ. ಬೇರೆಯವರು ಕೂಗಿದರೆ ಅವು ಕಿವಿಯನ್ನೂ ಆಡಿಸುವುದಿಲ್ಲ. ಕಾಳಕ್ಕನ ಮನೆಯದು ನಾಲಿಗೆ ಹೊರಳಿಸಿ “ಕುರ್ರ್ರ್ರ್”, ಆಮೇಲೆ ಹೊಟ್ಟೆಯಿಂದ “ಹೋ ಹೋಯ್!” ನಮ್ಮ ಗುಂಪಿಗೆ ಅದೇ ಕಟ್ಟಳೆ: ಎಲ್ಲೇ ಇರಲಿ, ಏನೇ ಮಾಡುತ್ತಿರಲಿ, ಆ ಕೂಗು ಕಿವಿಗೆ ಬಿದ್ದರೆ ಕೈಯಲ್ಲಿರುವುದನ್ನು ಬಿಟ್ಟು ಬಂದು ಸೇರಬೇಕು. ದುರ್ಗಾ ಅದನ್ನು ಹಿರಿಯೂರಿನಿಂದ ತುಮಕೂರು ದಾಟುವವರೆಗೂ ಅಭ್ಯಾಸ ಮಾಡಿದಳು. ಕಂಡಕ್ಟರ್ ಕೈಮುಗಿದ.

ಮೊದಲ ದಿನ ಮಧ್ಯಾಹ್ನ ಮೆಜೆಸ್ಟಿಕ್ ಹತ್ತಿರದ ಆ ಹಳೇ ಥಿಯೇಟರು, ಸಂಜೆ ನಾಟಕ. ಕಲಾವಿದರು ಎದುರೇ ಇರುತ್ತಾರಲ್ಲ, ಅಲ್ಲಿ ಕಾಳಕ್ಕ ತಿರುಗಿ ಕೂತದ್ದು ಅವರಿಗೂ ಕಾಣಿಸಿತು. ರಾಜನ ಪಾತ್ರದವನು ಎರಡು ಮೂರು ಸಲ ಮಾತು ತಡವರಿಸಿ ಅವಳ ಬೆನ್ನನ್ನೇ ನೋಡಿದ. ನಾಟಕ ಮುಗಿದ ಮೇಲೆ ಕಿರೀಟ ಕಂಕುಳಲ್ಲಿಟ್ಟುಕೊಂಡು ಬಂದೇಬಿಟ್ಟ.

“ಅಜ್ಜೀ, ನಮ್ಮ ನಾಟಕ ಅಷ್ಟು ಕೆಟ್ಟದಾಗಿತ್ತಾ?”

“ಯಾರಪ್ಪ ಹೇಳಿದ್ದು? ಶ್ಯಾನೆ ಚೆನ್ನಾಗಿತ್ತು. ಚಿತ್ತಮ್ಮ ಎಲ್ಡು ಸಲ ಅತ್ಲು. ಇಗಾ ಈ ನಾಗಶ್ರೀ, ದುಗ್ಗಿಯವ್ವ, ಉಗುರು ಕಚ್ಚಿದ್ಲು. ನೀನು ಕತ್ತಿ ಹಿರಿದಾಗ ಈ ಮಗು ನನ್ ಕಂಬಳಿಯೊಳಗೆ ಹೊಕ್ಕಂತು. ಇನ್ನೇನು ಬೇಕು?”

ರಾಜ ಅವಳ ಕಾಲಿಗೆ ನಮಸ್ಕಾರ ಮಾಡಿದ. “ಕಿರೀಟ ಜ್ವಾಕೆ,” ಅಂದಳು ಕಾಳಕ್ಕ.

ಎರಡನೇ ದಿನ ಬೆಳಿಗ್ಗೆ ತಾರಾಲಯ. ಅದು ನನ್ನ ಆಯ್ಕೆ, ಮಗುವಿಗಾಗಿ. ಮೇಲೆ ಬೋಗುಣಿ ಮಗುಚಿಟ್ಟ ಹಾಗೆ ದುಂಡನೆ ಮಾಡು, ಹಿಂದಕ್ಕೆ ಒರಗಿಸಿದರೆ ಮಲಗಿಸಿಬಿಡುವ ಕುರ್ಚಿ. ಕಾಳಕ್ಕ ಎಂದಿನಂತೆ ಅಡ್ಡ ತಿರುಗಿ ಕೂತಳು. ದೀಪ ಆರಿತು. ಮಾಡಿನ ತುಂಬ ನಕ್ಷತ್ರಗಳು ಚೆಲ್ಲಿದವು. ಬೆನ್ನು ಹಾಕೋಣವೆಂದು ಈ ಕಡೆ ತಿರುಗಿದರೆ ಈ ಕಡೆಯೂ ನಕ್ಷತ್ರ, ಆ ಕಡೆ ತಿರುಗಿದರೆ ಆ ಕಡೆಯೂ.

“ಏಯ್, ಇದೇನೇ ನಾಗೂ, ಎತ್ತ ತಿರುಗಿದ್ರೂ ಪರದೆನೇ ಐತಲ್ಲೇ!”

“ಮಲಕ್ಕಳಜ್ಜಿ, ಮಲಕ್ಕ,” ಅಂದಳು ದುರ್ಗಾ. ಕಾಳಕ್ಕ ಇನ್ನೊಂದು ಸುತ್ತು ತಿರುಗಿದಳು, ಸೋತಳು, ಒರಗಿದಳು. ದೀಪ ಹತ್ತಿದಾಗ ಬಾಯಿ ತೆರೆದುಕೊಂಡು ಮೇಲೆಯೇ ನೋಡುತ್ತಿದ್ದಳು. ನಾವೆಲ್ಲ ಎದ್ದು ಬಾಗಿಲ ಹತ್ತಿರ ಹೋಗಿ ನಿಂತಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ. ಗಾಬರಿಯಿಂದ ಓಡಿ ಬಂದು ಒಬ್ಬೊಬ್ಬರ ತಲೆ ಮುಟ್ಟಿ ನೋಡಿದಳು. ಎಲ್ಲ ಸರಿಯಾಗಿತ್ತು. ಆದರೂ ಆಟೋದಲ್ಲಿ ಕತ್ತು ನೀವಿಕೊಳ್ಳುತ್ತ, “ಹಿಂಗಾದ್ರೆ ಕಷ್ಟ ಕಣಮ್ಮ,” ಅಂದಳು. ಕತ್ತು ನೋವಿಗೆ ಹೇಳಿದ್ದೋ ಬೇರೆ ಯಾವುದಕ್ಕೋ ನನಗೆ ಆಗ ತಿಳಿಯಲಿಲ್ಲ.

ಮಧ್ಯಾಹ್ನ ಮಾಲಿನ ಮಲ್ಟಿಪ್ಲೆಕ್ಸು. ಒಂದೇ ಉದ್ದನೆಯ ಓಣಿ, ಎರಡೂ ಕಡೆ ಒಂದೇ ಥರದ ಕಪ್ಪು ಬಾಗಿಲು, ಪ್ರತಿ ಬಾಗಿಲ ಹಿಂದೆ ಒಂದೊಂದು ಸಿನಿಮಾ. ಟಿಕೆಟ್ ನೋಡುವ ಹುಡುಗಿ ಬಾಗಿಲಲ್ಲಿ ನಿಂತಿದ್ದಳು. ಅವಳ ಎದುರಿಗೆ ಕಾಳಕ್ಕ ಒಂದು ಕಾಲು ಅಡ್ಡ ಇಟ್ಟು, ರೊಪ್ಪದ ಬಾಯಲ್ಲಿ ಕುರಿ ಒಳಗೆ ಬಿಡುವ ಹಾಗೆ, ಒಬ್ಬೊಬ್ಬರ ತಲೆ ಮುಟ್ಟಿ ಒಳಗೆ ಬಿಡತೊಡಗಿದಳು.

“ಮೇಡಂ, ಚೆಕ್ ಮಾಡೋದು ನಾನು,” ಅಂದಳು ಆ ಹುಡುಗಿ.

“ನೀನು ಚೀಟಿ ನೋಡ್ಕಳವ್ವ. ನಾನು ತಲೆ ನೋಡ್ಕಂತೀನಿ. ಇಬ್ರೂ ಸೇರಿದ್ರೆ ಕೆಲಸ ಬೇಗ ಆಗ್ತೈತೆ.”

ಒಳಗೆ ಎ.ಸಿ.ಯ ಚಳಿ. ಕಾಳಕ್ಕನ ಕಂಬಳಿ ನನ್ನ, ದುರ್ಗಾಳ, ಚಿತ್ತಮ್ಮನ ತೊಡೆಯ ಮೇಲೆ ಹರಡಿತು. ಸಿನಿಮಾ ಬಲು ಜೋರು: ಅಣ್ಣ-ತಮ್ಮ, ಕಳೆದುಹೋದ ತಾಯಿ, ಮಧ್ಯೆ ಮಧ್ಯೆ ಕುಣಿತ. ಚಿತ್ತಮ್ಮ ಕೂತಲ್ಲೇ ಭುಜ ಕುಣಿಸಿದಳು. ಇಂಟರ್ವಲ್‌ನಲ್ಲಿ ಎಲ್ಲರೂ ಹೊರಗೆ ಹೋಗಿ ಬಂದರು, ಕಾಳಕ್ಕ ಮತ್ತೆ ಬಾಗಿಲಲ್ಲಿ ನಿಂತು ತಲೆ ಮುಟ್ಟಿದಳು. ಒಂದು ತಲೆ ಕೈಗೆ ಸಿಗಲಿಲ್ಲ. ಚಿತ್ತಮ್ಮನದು. ಅವಳು ಪಾಪ್‌ಕಾರ್ನ್ ಹಿಡಿದುಕೊಂಡು ಆ ಬದಿಯ ಇನ್ನೊಂದು ಬಾಗಿಲಿಂದ ಆಗಲೇ ಒಳಗೆ ಬಂದು ಕೂತಿದ್ದಳು. ಕಾಳಕ್ಕನಿಗೆ ಅದು ಗೊತ್ತಿಲ್ಲ. ದೀಪ ಆರಿತು. ಅವಳು ಚಿತ್ತಮ್ಮನನ್ನು ಹುಡುಕಿಕೊಂಡು ಓಣಿಗೆ ಹೋದಳು. ನಮಗೆ ಅದು ಗೊತ್ತಾಗಲಿಲ್ಲ.

ಸಿನಿಮಾದಲ್ಲಿ ತಾಯಿ ಸಿಗುವ ಹೊತ್ತಿಗೆ ದುರ್ಗಾ ನನ್ನ ಗಲ್ಲ ಹಿಡಿದು ತಿರುಗಿಸಿದಳು.

“ಅಮ್ಮಾ, ನಮ್ಮನ್ನ ಯಾರೂ ನೋಡ್ತಾ ಇಲ್ಲ.”

ಮುಂದಿನ ಸಾಲಿನ ಕೊನೆಯ ಕುರ್ಚಿ ಖಾಲಿ. ಕಾಳಕ್ಕನ ಫೋನು ನನ್ನ ಚೀಲದಲ್ಲೇ ಇತ್ತು. ಒಳಗೆ ಬರುವಾಗ ಅವಳೇ ಕೊಟ್ಟಿದ್ದಳು. ಮಗುವನ್ನು ಎತ್ತಿಕೊಂಡು ಹೊರಗೆ ಬಂದೆ. ಆ ಓಣಿಯಲ್ಲಿ ಒಂದು ನರಪಿಳ್ಳೆಯಿಲ್ಲ. ಶೌಚಾಲಯದಲ್ಲಿ ಇಲ್ಲ, ಪಾಪ್‌ಕಾರ್ನ್ ಅಂಗಡಿ ಹತ್ತಿರ ಇಲ್ಲ. ಟಿಕೆಟ್ ಹುಡುಗಿ ಕೆಳಗೆ ಲಿಫ್ಟಿನವರೆಗೂ ನೋಡಿ ಬಂದಳು. ಮಾಲಿನ ಹೊರಗೆ ರಸ್ತೆ, ರಸ್ತೆಯಾಚೆ ಮೆಟ್ರೋ, ಅದರಾಚೆ ಆ ಇಡೀ ಬೆಂಗಳೂರು. ಸಂಜೆ ಬಸ್ಸು. ಗೋವಿಂದಪ್ಪನ ಮಾತು ಕಿವಿಯಲ್ಲಿ ಗುಯ್‌ಗುಡುತ್ತಿತ್ತು. ಒಬ್ಬಳು ತಪ್ಪಿದರೂ ಬಂದ್. ತಪ್ಪಿಸಿಕೊಂಡವಳು ಕಾಯುವವಳೇ ಆದರೆ?

“ಅಮ್ಮಾ, ಕೂಗ್ಲಾ?” ಅಂದಳು ದುರ್ಗಾ.

ಬೇಡ ಅನ್ನುವಷ್ಟರಲ್ಲಿ ಕೂಗಿಯೇಬಿಟ್ಟಳು. “ಕುರ್ರ್ರ್ರ್ರ್! ಹೋ ಹೋಯ್!”

ಅಷ್ಟು ಪುಟ್ಟ ಗಂಟಲಲ್ಲಿ ಅಷ್ಟು ದೊಡ್ಡ ಕೂಗು ಎಲ್ಲಿತ್ತೋ. ಓಣಿಯ ಗೋಡೆಗಳು ಅದನ್ನು ಒಂದರ ಕೈಯಿಂದ ಇನ್ನೊಂದಕ್ಕೆ ಎಸೆದವು. ಮೊದಲು ಏನೂ ಆಗಲಿಲ್ಲ. ಆಮೇಲೆ ನಮ್ಮ ಬಾಗಿಲು ದಡಾರನೆ ತೆರೆಯಿತು. ಪಾಪ್‌ಕಾರ್ನ್ ಡಬ್ಬ ಎದೆಗವಚಿಕೊಂಡು ಚಿತ್ತಮ್ಮ, ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮತ್ತೊಬ್ಬಳು, ನಮ್ಮ ಸಾಲಿಗೆ ಸಾಲೇ ಚಪ್ಪಲಿ ಕೈಯಲ್ಲಿ ಹಿಡಿದು ಓಡಿಬಂತು. ಒಳಗೆ ಅಣ್ಣ-ತಮ್ಮ ತಾಯಿಯನ್ನು ತಬ್ಬಿಕೊಳ್ಳುತ್ತಿದ್ದರು. ಇವರು ಅವರನ್ನು ಹಾಗೇ ಬಿಟ್ಟು ಬಂದಿದ್ದರು. ನಮ್ಮವರಲ್ಲದ ಇಬ್ಬರು ಹೆಂಗಸರೂ ಬೆಂಕಿ ಬಿದ್ದಿದೆಯೆಂದು ತಿಳಿದು ಹಿಂದೆಯೇ ಬಂದಿದ್ದರು.

“ಏನಾತೇ? ಯಾರು ಕಳೆದ್ರು?”

“ಕಾಳಕ್ಕ.”

“ಅಯ್ಯೋ ನಿನ್ನ! ಕಾಳಕ್ಕ ಕಳೀತಾಳಾ? ಕಾಳಕ್ಕ ಕಳೆದ್ರೆ ನಾವೆಲ್ಲ ಕಳೆದಂಗೆ!” ಎಂದು ಚಿತ್ತಮ್ಮ ನಗುತ್ತಲೇ ಶುರುಮಾಡಿದಳು, ಮಾತು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. “ನನ್ನಿಂದಾನೇ. ಆ ಹಾಳಾದ ಬಾಗಿಲಿಂದ ಬಂದು ಕುಂತೆ.”

“ಇನ್ನೊಂದು ಸಲ ಕೂಗು ಮಗಾ,” ಅಂದೆ ನಾನು. ಟಿಕೆಟ್ ಹುಡುಗಿ ತಲೆಯ ಮೇಲೆ ಕೈ ಹೊತ್ತುಕೊಂಡಳು. ಆಮೇಲೆ ಏನನ್ನಿಸಿತೋ, ತಾನೇ ಹೋಗಿ ಪಕ್ಕದ ಬಾಗಿಲನ್ನು ಗೇಣಗಲ ತೆರೆದಳು. “ಇಲ್ಲಿ ಕೂಗು ಪುಟ್ಟೀ, ಬೇಗ.” ದುರ್ಗಾ ಕೂಗಿದಳು. ಒಳಗಿಂದ ಬೈಗುಳ ಬಂತು. ಮುಂದಿನ ಬಾಗಿಲು. ಅಲ್ಲಿಂದ ಸೀಟಿ ಬಂತು. ಕೊನೆಯ ಬಾಗಿಲು. ಅದರೊಳಗಿಂದ ಸದ್ದೇ ಇಲ್ಲ. ಸಿನಿಮಾ ನಡೆಯುತ್ತಿದೆಯೋ ಇಲ್ಲವೋ ಅನುಮಾನ. ದುರ್ಗಾ ಬಾಯಿಗೆ ಕೈ ಅಡ್ಡ ಹಿಡಿದು ಕೂಗಿದಳು.

ಕತ್ತಲೊಳಗಿಂದ ತಣ್ಣನೆಯ ಮರುಕೂಗು ಬಂತು. “ಹೋ ಹೋಯ್!”

ಆ ಹಾಲಿಗೆ ಹಾಲೇ ಗೊಳ್ಳೆಂದು ನಕ್ಕಿತು. ಆದರೆ ಕೂಗಿದವಳು ಬರಲಿಲ್ಲ.

ಬಾಗಿಲು ಪೂರ್ತಿ ತೆರೆದು ನೋಡಿದೆವು. ಪರದೆಯ ತುಂಬ ಹಿಮ. ಯಾವುದೋ ದೇಶ. ಒಬ್ಬ ಮುದುಕಿ, ಅವಳ ಹಿಂದೆ ಒಂದು ನಾಯಿ, ಇಬ್ಬರೂ ನಡೆಯುತ್ತಿದ್ದಾರೆ. ಮಾತಿಲ್ಲ, ಹಾಡಿಲ್ಲ. ಮೆಟ್ಟಿಲ ಮೇಲೆ ಕಾಳಕ್ಕ ಕೂತಿದ್ದಳು, ಮುಂದಕ್ಕೆ ತಿರುಗಿ. ಆ ಬೆಳಕು ಮೊದಲ ಸಲ ಅವಳ ಮುಖದ ಮೇಲೆ ಬಿದ್ದಿತ್ತು. ಎರಡೂ ಕೈ ಗಲ್ಲಕ್ಕೆ. ನಾವೆಲ್ಲ ಬಾಗಿಲಲ್ಲಿ ಗುಂಪಾಗಿ ನಿಂತು, ಇಷ್ಟು ವರ್ಷ ಅವಳು ನಮ್ಮನ್ನು ನೋಡಿದ ಹಾಗೆ ಅವಳನ್ನು ನೋಡಿದೆವು. ಅವಳ ಮುಖದಲ್ಲೇ ಸಿನಿಮಾ ಕಾಣುತ್ತಿತ್ತು: ಈಗ ಮುದುಕಿ ಜಾರಿದಳು, ಈಗ ಎದ್ದಳು, ಈಗ ನಾಯಿ ಹಿಂದೆ ಉಳಿಯಿತು.

ಅವಳು ತಿರುಗಿ ನೋಡಿದಳು. ನಮ್ಮ ಸಾಲಿಗೆ ಸಾಲೇ ಓಣಿಯಲ್ಲಿ! ಧಡಕ್ಕನೆ ಎದ್ದು ಬಂದು ಒಬ್ಬೊಬ್ಬರ ತಲೆ ಮುಟ್ಟತೊಡಗಿದಳು. ಚಿತ್ತಮ್ಮನ ತಲೆ ಮುಟ್ಟಿದಾಗ ಹಿಡಿದೇ ನಿಂತಳು.

“ಎಲ್ಲೋಗಿದ್ಯೇ ಲೇ?”

“ನಾನು ಕುಂತಲ್ಲೇ ಕುಂತಿದ್ದೆ. ನೀನೆಲ್ಲೋಗಿದ್ದೆ?”

ಕಾಳಕ್ಕ ಪರದೆಯ ಕಡೆ ಕೈ ತೋರಿಸಿದಳು. “ನಿನ್ನ ಹುಡುಕ್ತಾ ಬಾಗಿಲು ಬಾಗಿಲು ಇಣುಕಿದೆ. ಎಲ್ಲಾ ಕಡೆ ಸದ್ದು. ಇದರಾಗೆ ಸದ್ದೇ ಇಲ್ಲ. ಸಿನಿಮಾ ಕೆಟ್ಟೋಗೈತೇನೋ ಅಂತ ಇಣುಕಿದ್ರೆ... ಕಿವಿಗೆ ಏನೂ ಸಿಗ್ಲಿಲ್ಲ ಕಣೇ. ಕಣ್ಣಾಗೇ ನೋಡ್ಬೇಕಾತು. ನೋಡಿದ್ಮ್ಯಾಲೆ ಬಿಡಾಕಾಗ್ಲಿಲ್ಲ.”

ಬಸ್ಸಿಗೆ ಹೊತ್ತಾಗುತ್ತಿತ್ತು. ಹಿಮದ ಮುದುಕಿಯನ್ನು ಅಲ್ಲೇ ಬಿಟ್ಟು ಓಡಿದೆವು. ಟಿಕೆಟ್ ಹುಡುಗಿ ಮಾಲಿನ ಬಾಗಿಲವರೆಗೂ ಬಂದು ದುರ್ಗಾಳ ಹತ್ತಿರ ಇನ್ನೊಂದು ಸಲ ಆ ಕೂಗು ಹಾಕಿಸಿಕೊಂಡು, ತಾನೂ ನಾಲಿಗೆ ಹೊರಳಿಸಿ ನೋಡಿದಳು. ಬರಲಿಲ್ಲ.

ಬಸ್ಸಿನಲ್ಲಿ ಗದ್ದಲವೋ ಗದ್ದಲ. ಯಾರೂ ಕೊನೆ ನೋಡಿರಲಿಲ್ಲವಾದ್ದರಿಂದ ಆ ಅಣ್ಣ-ತಮ್ಮಂದಿರಿಗೆ ನಾಲ್ಕಾರು ಥರದ ಕೊನೆ ಸಿಕ್ಕಿತು. ಒಂದರಲ್ಲಿ ತಾಯಿ ಇಬ್ಬರನ್ನೂ ಹೊಡೆದಳು, ಒಂದರಲ್ಲಿ ಇಬ್ಬರಿಗೂ ಒಂದೇ ಮುಹೂರ್ತದಲ್ಲಿ ಮದುವೆ ಮಾಡಿಸಿದಳು. ಕಾಳಕ್ಕ ಮಾತ್ರ ಕಿಟಕಿಯ ಹತ್ತಿರ ಮುಂದಕ್ಕೆ ತಿರುಗಿ ಕೂತಿದ್ದಳು. ಆಗಾಗ ಯಾರನ್ನಾದರೂ ಕೇಳುವಳು: “ಆ ಮುದುಕಿ ಮನೆ ಸೇರಿರ್ತಾಳಾ?” ಯಾರಿಗೆ ಗೊತ್ತು.

ಶಿರಾ ದಾಟಿದ ಮೇಲೆ ಚಿತ್ತಮ್ಮ ತೀರ್ಮಾನ ಕೊಟ್ಟಳು. “ಗೋವಿಂದಪ್ಪನ ಹತ್ರ ಯಾರೂ ಬಾಯಿ ಬಿಡಬ್ಯಾಡ್ರಿ. ನಮ್ಮಾಗೆ ಯಾರೂ ತಪ್ಪಿಸ್ಕಂಡಿಲ್ಲ. ತಪ್ಪಿಸ್ಕಂಡಿದ್ದು ಕಾಯೋಳು. ಕಾಯೋಳು ಲೆಕ್ಕಕ್ಕೆ ಬರಲ್ಲ.”

ಎಲ್ಲರೂ ಒಪ್ಪಿದೆವು. ಕಾಳಕ್ಕ ಕಂಬಳಿ ಕೊಡವಿ ಹೊದ್ದುಕೊಂಡಳು.

ಆದಿವಾಲದಲ್ಲಿ ಬಸ್ಸು ಇಳಿದಾಗ ಗೋವಿಂದಪ್ಪ ಕೈಕೋಲು ಊರಿ ನಿಂತಿದ್ದ, ಪಕ್ಕದಲ್ಲಿ ನನ್ನ ಗಂಡ ಕನಕರಾಜ್, ನಿದ್ದೆಗಣ್ಣಿನ ಮಗಳನ್ನು ಎತ್ತಿಕೊಳ್ಳಲು.

“ಎಲ್ಲಾ ಬಂದ್ರೇನ್ರಮ್ಮಾ?”

“ಬಂದ್ವಿ ಬಂದ್ವಿ!” ಒಂದೇ ಉಸಿರಿನಲ್ಲಿ ಹೇಳಿದೆವು, ಸ್ವಲ್ಪ ಹೆಚ್ಚೇ ಜೋರಾಗಿ.

“ಒಬ್ಳು ತಪ್ಪಿಸ್ಕಂಡಿದ್ಲು ಬಾವ,” ಅಂದಳು ಕಾಳಕ್ಕ.

ಚಿತ್ತಮ್ಮ ಅವಳ ಕಂಬಳಿ ಹಿಡಿದು ಜಗ್ಗಿದಳು. ಗೋವಿಂದಪ್ಪನ ಹುಬ್ಬು ಮೇಲೇರಿತು. “ಯಾವಳು?”

“ನಾನು.”

ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಗೋವಿಂದಪ್ಪ ಅವಳನ್ನು ನೋಡಿದ, ನಮ್ಮನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಕಾಳಕ್ಕ ಎಲ್ಲ ಹೇಳಿದಳು. ಓಣಿ, ಬಾಗಿಲು, ಹಿಮ, ಮುದುಕಿ, ನಾಯಿ. “ಮಾತು ಕೊಟ್ಟಿದ್ದೆ. ಈಗ ಬಾಗಿಲು ಹಾಕಾದು ನಾನೇ,” ಅಂದಳು. ಚಿತ್ತಮ್ಮ ನೆಲ ನೋಡುತ್ತ ನಿಂತಿದ್ದಳು.

“ಮಂದೆ ಹಿಂದ್ಗಡೆ ಯಾರಿದ್ರು?” ಗೋವಿಂದಪ್ಪ ಕೇಳಿದ.

“ಯಾರಿರ್ತಾರೆ? ನಾನೇ.”

“ಮುಂದೆ?”

“ನಾನೇ.”

“ಇಷ್ಟು ವರ್ಷನೂ?”

“ಇಷ್ಟು ವರ್ಷನೂ.”

ಆಗ ಬಂತು ಅವನಿಗೆ ಸಿಟ್ಟು. ಕೋಲು ನೆಲಕ್ಕೆ ಕುಕ್ಕಿದ. “ಬುದ್ಧಿ ಐತಾ ನಿಂಗೆ? ಮುಂದೊಬ್ರು ಹಿಂದೊಬ್ರು ಇಲ್ದೆ ಯಾವ ಕುರುಬ ಮಂದೆ ಹೊರಡಿಸ್ಯಾನೆ? ನನ್ ತಮ್ಮ ಇದ್ದಿದ್ರೆ ನಿನ್ನ ಒಬ್ಳನ್ನೇ ಬಿಡ್ತಿದ್ನಾ? ಇದು ತಪ್ಪಿಸ್ಕಂಡಿದ್ದಲ್ಲ. ಇದು ಮಂದೆ ಕಟ್ಟಿದ್ದೇ ತಪ್ಪು.” ಆಮೇಲೆ ನಮ್ಮ ಕಡೆ ತಿರುಗಿ, “ಕೇಳ್ರಿ ಎಲ್ಲಾ. ಇನ್ನೊಬ್ರು ಕಾಯೋರು ಇದ್ರೆ ಮುಂದಿನ ವರ್ಷ ಹೋಗ್ರಿ. ಇಲ್ಲಾಂದ್ರೆ ಇಲ್ಲ.”

“ಹಂಗಾದ್ರೆ ನೀವೇ ಬರ್ರಿ,” ಅಂದಳು ಚಿತ್ತಮ್ಮ ಥಟ್ಟನೆ.

“ನನ್ನ ಕರ್ಕಂಡೋದ್ರೆ ಕೆಲಸ ಕೆಡ್ತೈತೆ. ನಾನು ಸಿನ್ಮಾನೇ ನೋಡ್ತೀನಿ,” ಅಂದ ಗೋವಿಂದಪ್ಪ, ಮೀಸೆಯೊಳಗೇ ನಗುತ್ತ. ಬಸ್ ನಿಲ್ದಾಣದಲ್ಲಿ ಎದ್ದ ನಗೆಗೆ ಬೀದಿನಾಯಿಗಳು ಬೊಗಳಿದವು. ನಿದ್ದೆಯಲ್ಲಿದ್ದ ದುರ್ಗಾ ಅಪ್ಪನ ಹೆಗಲ ಮೇಲಿಂದಲೇ “ಹೋ ಹೋಯ್” ಅಂದಳು.

ಮರುದಿನ ಬೆಳಿಗ್ಗೆ ನಾನು ಮಗಳ ಟಿಫಿನ್ ಡಬ್ಬಿಗೆ ಚಿತ್ರಾನ್ನ ತುಂಬುತ್ತಿದ್ದೆ. ಕಾಳಕ್ಕ ಬಾಗಿಲಲ್ಲಿ ತಲೆ ಬಗ್ಗಿಸಿ ನಿಂತಳು. ಒಳಗೆ ಬಾ ಅಂದರೆ ಬರಲಿಲ್ಲ. ಹುಣಸೆಹಣ್ಣಿನ ಮಾತಾಡಿದಳು, ನಲ್ಲಿ ನೀರಿನ ಮಾತಾಡಿದಳು, ದುರ್ಗಾಳ ಜಡೆ ಬಿಚ್ಚಿ ಮತ್ತೆ ಹೆಣೆದಳು. ಇಷ್ಟು ವರ್ಷದಲ್ಲಿ ಅವಳು ನನ್ನ ಹತ್ತಿರ ಒಂದು ಹಿಡಿ ಉಪ್ಪು ಕೂಡ ಕೇಳಿದವಳಲ್ಲ.

“ಏನು ಕಾಳಕ್ಕ?” ಅಂದೆ.

“ನಿಂಗೆ ಸಿನಿಮಾ ಅಂದ್ರೆ ಪ್ರಾಣ ಅಂತ ನಂಗೊತ್ತು ನಾಗೂ. ವರ್ಷಕ್ಕೆ ಅದೊಂದೇ ಸಿಗಾದು ನಿಂಗೆ. ನಿನ್ ಮುಖ ನೋಡ್ಕಂಡೇ ಕುಂತಿರ್ತೀನಲ್ಲ, ಗೊತ್ತಾಗ್ತೈತೆ. ಅದಕ್ಕೇ ಕೇಳಾಕೆ ನಾಚ್ಕೆ.” ಜಡೆಯ ತುದಿಗೆ ರಿಬ್ಬನ್ ಬಿಗಿದಳು. “ಎಲ್ಲಾನೂ ಬ್ಯಾಡ. ಮುಂದಿನ ಸಲ ಒಂದೇ ಒಂದು ಆಟ. ಮಾತಿಲ್ದೆ ಇರಾದು ಯಾವುದಾದ್ರೂ ಹುಡುಕಿ ಟಿಕೆಟ್ ತಗಾ. ನೀನು ಹಿಂದಕ್ಕೆ ತಿರುಗಿ ಕುಂತ್ಕಂಡು ಇವರನ್ನೆಲ್ಲ ನೋಡ್ಕ. ನಾನು ಮುಂದಕ್ಕೆ ತಿರುಗಿ ಪೂರ್ತಿ ನೋಡ್ತೀನಿ, ಕೊನೇವರೆಗೂ. ಆಗ್ತೈತಾ?”